ಸಿಕ್ಲಿಡ್ ಟ್ಯಾಂಕಿನಲ್ಲಿ ಜಗಳ ಹಂಚುವುದು ಹೇಗೆ

ಸಿಕ್ಲಿಡ್ ಎಂಬ ಅಕ್ವೇರಿಯಂ ಮೀನುಗಳ ಜಗಳ ಪೂರ್ತಿ ನಿಲ್ಲಿಸುತ್ತೇನೆ ಅಂತ ಹೊರಟವರು ಸೋಲುವುದೇ ಹೆಚ್ಚು. ಜಾಗಕ್ಕಾಗಿ, ಹೆಣ್ಣಿಗಾಗಿ, ಮರಿಗಳಿಗಾಗಿ ಹೊಡೆದಾಡುವುದು ಇವುಗಳ ಹುಟ್ಟುಗುಣ. ನಮ್ಮ ಕೈಲಾಗುವುದು ಬೇರೆ. ಒಂದೇ ಮೀನಿನ ಮೇಲೆ ಬೀಳುತ್ತಿರುವ ಏಟನ್ನು ಹತ್ತಕ್ಕೆ ಹಂಚಬಹುದು. ಹಂಚಿಹೋದ ಜಗಳದಿಂದ ಮೀನು ಸಾಯುವುದು ಅಪರೂಪ. ಒಂದರ ಮೇಲೇ ಬಿದ್ದರೆ ಎರಡೇ ದಿನದಲ್ಲಿ ಅದರ ಕಥೆ ಮುಗಿಯಬಹುದು.

ನನ್ನದು ನಾಲ್ಕಡಿ ಉದ್ದದ, ಸುಮಾರು 240 ಲೀಟರಿನ ಟ್ಯಾಂಕ್. ಅದರಲ್ಲಿ ಇರುವವು ಆಫ್ರಿಕಾದ ಮಲಾವಿ ಸರೋವರದ ಎಂಬೂನಾಗಳು. ಬಂಡೆಗಳ ಸಂದಿಯಲ್ಲಿ ಬದುಕುವ, ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುವ ಮೀನುಗಳು. ಹಾಗಾಗಿ ಇಲ್ಲಿ ಹೇಳುವುದು ಜಾಸ್ತಿ ಅವುಗಳ ವಿಷಯ. ಅಮೆರಿಕದ ಸಿಕ್ಲಿಡ್‌ಗಳ ಲೆಕ್ಕವೇ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸುಮ್ನೆ ಕೂತು ನೋಡಬೇಕು. ಎರಡು ಗಂಡುಗಳು ರೆಕ್ಕೆ ಬಿಚ್ಚಿ, ಕಿವಿರು ಅಗಲಿಸಿ, ಪಕ್ಕಪಕ್ಕ ನಿಂತು ಮೈ ನಡುಗಿಸುತ್ತಿದ್ದರೆ ಅದು ಬರೀ ಧಿಮಾಕು. ಬಾಯಿಗೆ ಬಾಯಿ ಕಚ್ಚಿ ಎಳೆದಾಡಿದರೂ ಗಾಬರಿ ಬೇಡ. ಯಾರು ಗಟ್ಟಿ ಅಂತ ಗೊತ್ತಾದ ಮೇಲೆ ಒಂದು ತಾನಾಗೇ ಸರಿದುಕೊಳ್ಳುತ್ತದೆ. ಅಟ್ಟಿಸಿಕೊಂಡ ಮೀನು ಸ್ವಲ್ಪ ದೂರ ಓಡಿ, ಮತ್ತೆ ಬಂದು ಕಲ್ಲು ಕೆರೆಯುತ್ತಿದ್ದರೆ ಅದೂ ಮಾಮೂಲು. ನನಗೆ ಭಯ ಹುಟ್ಟಿಸುವುದು ಅಲ್ಲಾಡದೆ ನಿಂತ ಮೀನು. ನೀರಿನ ಮೇಲ್ಮಟ್ಟದ ಹತ್ತಿರ, ಮೂಲೆಯಲ್ಲಿ, ಹೀಟರ್ ಅಥವಾ ಫಿಲ್ಟರ್ ಪೈಪಿನ ಹಿಂದೆ ಅಂಟಿಕೊಂಡಿರುತ್ತದೆ. ಬಣ್ಣ ಮಾಸಿರುತ್ತದೆ, ಬಾಲ ಹರಿದಿರುತ್ತದೆ, ಊಟ ಹಾಕಿದರೂ ಬರುವುದಿಲ್ಲ. ಅದಕ್ಕೆ ಟ್ಯಾಂಕಿನಲ್ಲಿ ಜಾಗವೇ ಉಳಿದಿಲ್ಲ. ಅಂಥದ್ದನ್ನು ಆ ದಿನವೇ ಎತ್ತಿ ಬೇರೆ ಇಡಿ. ಒಂದು ಮಾತು ಮಾತ್ರ ನೆನಪಿರಲಿ: ಗದ್ದ ಉಬ್ಬಿಸಿಕೊಂಡು, ಊಟ ಬಿಟ್ಟು, ಮರೆಯಲ್ಲಿ ನಿಂತಿರುವ ಹೆಣ್ಣು ಏಟು ತಿಂದದ್ದಲ್ಲ. ಅದರ ಬಾಯಲ್ಲಿ ಮೊಟ್ಟೆ ಇದೆ. ಮೂರು ವಾರದ ಆಸುಪಾಸು ಹಾಗೇ ಇರುತ್ತದೆ. ಅದಕ್ಕೆ ಅಡಗಲು ಒಂದು ಸಂದಿ ಇದ್ದರೆ ಸಾಕು.

ಇನ್ನು ಕಲ್ಲು. ನನ್ನ ಪ್ರಕಾರ ಅರ್ಧ ಕೆಲಸ ಕಲ್ಲಿನಲ್ಲೇ ಇದೆ. ಕಲ್ಲನ್ನು ಮರಳಿನ ಮೇಲೆ ಇಡಬೇಡಿ. ಇವು ಬಾಯಿ ತುಂಬ ಮರಳು ಹೊತ್ತು ಗುಂಡಿ ತೋಡುತ್ತವೆ. ಅಡಿಪಾಯ ಹೋಗಿ ಕಲ್ಲು ಉರುಳಿದರೆ ಗಾಜೇ ಒಡೆಯಬಹುದು. ಮೊದಲು ತಳದ ಗಾಜಿನ ಮೇಲೆ ತೆಳುವಾದ ಫೋಮ್ ಹಾಳೆ, ಅದರ ಮೇಲೆ ಕಲ್ಲು, ಸುತ್ತ ಮರಳು. ಒಂದೇ ದೊಡ್ಡ ಗುಡ್ಡ ಕಟ್ಟಿದರೆ ಒಂದೇ ಗಂಡು ಅದನ್ನೆಲ್ಲ ತನ್ನದು ಅನ್ನುತ್ತದೆ. ಎರಡು ಮೂರು ಗುಡ್ಡೆ ಮಾಡಿ ನಡುವೆ ಬಯಲು ಬಿಡಿ. ಪ್ರತಿ ಗುಹೆಗೂ ಎರಡು ಬಾಯಿ ಇರಲಿ. ಒಂದೇ ಬಾಯಿದ್ದರೆ ಓಡಿಬಂದ ಮೀನು ಒಳಗೇ ಸಿಕ್ಕಿಬೀಳುತ್ತದೆ. ಗುಡ್ಡೆಗಳಲ್ಲಿ ಒಂದಾದರೂ ನೀರಿನ ಮಟ್ಟದ ಹತ್ತಿರಕ್ಕೆ ಏರಿರಲಿ, ಮೇಲೆ ಓಡಿದ ಮೀನಿಗೂ ಮರೆ ಬೇಕಲ್ವಾ? ಎಲ್ಲ ಜೋಡಿಸಿದ ಮೇಲೆ ನಾನು ಟ್ಯಾಂಕಿನ ಒಂದು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಉದ್ದಕ್ಕೆ ನೋಡುತ್ತೇನೆ. ಆ ತುದಿಯ ಗಾಜು ನೇರವಾಗಿ ಕಂಡರೆ ಇನ್ನೊಂದೆರಡು ಕಲ್ಲು ಇಡುತ್ತೇನೆ. ನನಗೆ ಕಾಣುವುದು ಟ್ಯಾಂಕಿನ ರೌಡಿಗೂ ಕಾಣುತ್ತದೆ. ಕಣ್ಣಿಗೆ ಬಿದ್ದ ಮೀನನ್ನು ಅದು ಬಿಡುವುದಿಲ್ಲ.

ಟ್ಯಾಂಕ್ ಕೊಳ್ಳುವಾಗಲೂ ಎತ್ತರಕ್ಕಿಂತ ಉದ್ದಗಲ ನೋಡಿ. ಗಂಡು ಜಾಗ ಹಿಡಿಯುವುದು ತಳದಲ್ಲಿ.

ಮೀನು ಆರಿಸುವಾಗ ಜಾತಿಗೆ ಒಂದು ಗಂಡು, ಮೂರು ನಾಲ್ಕು ಹೆಣ್ಣು ಇರಲಿ. ಒಂದೇ ಹೆಣ್ಣಿದ್ದರೆ ಗಂಡು ಅದನ್ನು ಅಟ್ಟಿ ಅಟ್ಟಿ ಸುಸ್ತು ಮಾಡಿಬಿಡುತ್ತದೆ. ಮರಿಗಳಲ್ಲಿ ಗಂಡು ಹೆಣ್ಣು ಗೊತ್ತಾಗುವುದು ಕಷ್ಟ. ಹೊಟ್ಟೆಯ ಕೆಳಗೆ, ಬಾಲದ ಕಡೆ ಇರುವ ರೆಕ್ಕೆಯ ಮೇಲಿನ ಹಳದಿ ಚುಕ್ಕೆ ನೋಡಿ ಹೇಳುತ್ತೇವೆ ಅನ್ನುತ್ತಾರೆ, ಹೆಣ್ಣುಗಳಿಗೂ ಆ ಚುಕ್ಕೆ ಇರುತ್ತದೆ. ಅದಕ್ಕೇ ಸ್ವಲ್ಪ ಜಾಸ್ತಿ ಮರಿ ತಂದು, ಒಟ್ಟಿಗೆ ಬೆಳೆಸಿ, ಬಣ್ಣ ಬಂದ ಮೇಲೆ ಹೆಚ್ಚಿನ ಗಂಡುಗಳನ್ನು ಬೇರೆಯವರಿಗೆ ಕೊಡುವುದು ಒಳ್ಳೆಯದು.

ಗಂಡು ಮೊದಲು ಅಟ್ಟುವುದು ತನ್ನ ಬಣ್ಣ, ತನ್ನ ಪಟ್ಟೆ, ತನ್ನ ಆಕಾರ ಇರುವ ಮೀನನ್ನು. ನೀಲಿ ಅಡ್ಡಪಟ್ಟೆಯ ಎರಡು ಜಾತಿ ಒಟ್ಟಿಗೆ ಬೇಡ. ಡೆಮಸೋನಿ ಪುಟ್ಟ ಮೀನು, ಆದರೆ ತನ್ನವರ ಮೇಲೇ ಅದಕ್ಕೆ ಹಗೆ. ಗಂಡು ಹೆಣ್ಣು ನೋಡಲು ಒಂದೇ ಥರ. ಮೂರು ನಾಲ್ಕು ತಂದರೆ ಕೊನೆಗೆ ಉಳಿಯುವುದು ಒಂದೇ. ತರುವುದಾದರೆ ಹನ್ನೆರಡಕ್ಕೆ ಕಡಿಮೆ ಇಲ್ಲದಂತೆ ತನ್ನಿ, ಆಗ ಏಟು ಹಂಚಿಹೋಗುತ್ತದೆ. ಎಲೆಕ್ಟ್ರಿಕ್ ಯೆಲ್ಲೋ ಈ ಗುಂಪಿನ ಸಾಧು, ಹೊಸಬರು ಅದರಿಂದ ಶುರು ಮಾಡಲಿ. ಆರೇಟಸ್ ಮಾತ್ರ ಬೇಡವೇ ಬೇಡ. ಹಳದಿ ಮೈ, ಕಪ್ಪು ಪಟ್ಟೆ, ಮರಿಯಿದ್ದಾಗ ಎಷ್ಟು ಚೆಂದ! ಗಂಡು ಬೆಳೆದಂತೆ ಕಪ್ಪಾಗುತ್ತದೆ, ಆಮೇಲೆ ಟ್ಯಾಂಕ್ ಅದರದ್ದೇ.

ಎಂಬೂನಾ ಟ್ಯಾಂಕನ್ನು ಸ್ವಲ್ಪ ತುಂಬಿಸಿಯೇ ಇಡುವ ರೂಢಿ ಇದೆ. ಮೀನು ಜಾಸ್ತಿಯಾದಾಗ ಒಂದನ್ನೇ ಗುರಿಯಿಟ್ಟು ಅಟ್ಟುವುದು ಕಷ್ಟವಾಗುತ್ತದೆ. ಆದರೆ ಹಾಗೆ ತುಂಬಿಸಿದವರು ಫಿಲ್ಟರ್ ಜೋರಾಗಿಡಬೇಕು, ವಾರಕ್ಕೊಮ್ಮೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಬೇಕು. ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಲ್ಲೇ ಇರಬೇಕು. ಇದಕ್ಕೆ ಸಮಯವಿಲ್ಲದವರು ಮೀನು ಕಡಿಮೆ ಇಟ್ಟು ಕಲ್ಲು ಜಾಸ್ತಿ ಇಡಲಿ. ನೀರಿನ ಬಿಸಿ 24ರಿಂದ 26 ಡಿಗ್ರಿ ಸೆಲ್ಸಿಯಸ್ ಸಾಕು. ಬಿಸಿ ಏರಿದಷ್ಟೂ ಇವುಗಳ ಚುರುಕೂ ಏರುತ್ತದೆ, ಹೊಡೆದಾಟವೂ ಏರುತ್ತದೆ. ಊಟವನ್ನು ಒಂದೇ ಕಡೆ ಸುರಿಯದೆ ಉದ್ದಕ್ಕೂ ಚೆಲ್ಲಿ. ರೌಡಿಯನ್ನು ಸಮಾಧಾನ ಮಾಡಲು ಅಂತ ಹುಳು ತಿನ್ನಿಸಬೇಡಿ. ಪಾಚಿ ತಿನ್ನುವ ಹೊಟ್ಟೆ ಅದು, ಉಬ್ಬರ ಬಂದು ಸಾಯಬಹುದು. ಸ್ಪಿರುಲಿನಾ ಎಂಬ ಪಾಚಿ ಇರುವ ಆಹಾರವೇ ಸರಿ.

ಹೊಸ ಮೀನು ಬಿಡುವಾಗ ಒಂಟಿಯಾಗಿ ಬಿಡಬೇಡಿ. ನಾಲ್ಕೈದು ಒಟ್ಟಿಗೆ, ಇರುವ ಮೀನುಗಳಷ್ಟೇ ಗಾತ್ರದವು. ಮೊದಲು ಹಳಬರಿಗೆ ಊಟ ಹಾಕಿ, ಕಲ್ಲುಗಳನ್ನು ಬೇರೆ ಥರ ಜೋಡಿಸಿ, ಹೊಸಬರನ್ನು ಬಿಟ್ಟು ಲೈಟ್ ಆರಿಸಿ. ಬೆಳಗಾದರೆ ಎಲ್ಲರೂ ಹೊಸ ಊರಿಗೆ ಬಂದವರೇ.

ಇಷ್ಟಾದರೂ ಒಂದು ಗಂಡು ಎಲ್ಲರನ್ನೂ ಬಡಿಯುತ್ತಿದ್ದರೆ ಅದನ್ನು ಎತ್ತಬೇಕಾಗುತ್ತದೆ. ಹಗಲಲ್ಲಿ ಬಲೆ ಹಿಡಿದು ಒದ್ದಾಡಬೇಡಿ. ಲೈಟ್ ಆರಿಸಿ ಒಂದೆರಡು ಗಂಟೆ ಬಿಟ್ಟು, ಟಾರ್ಚ್ ಹಾಕಿ ಹುಡುಕಿ. ನಿದ್ದೆಗಣ್ಣಿನಲ್ಲಿ ನಿಧಾನವಾಗಿರುತ್ತದೆ. ವಾರ ಹತ್ತು ದಿನ ಬೇರೆ ಟ್ಯಾಂಕಿನಲ್ಲಿಟ್ಟು, ಕಲ್ಲು ಬದಲಿಸಿ ವಾಪಸ್ ಬಿಟ್ಟರೆ ಅದೇ ಈಗ ಹೊಸಬ. ನನ್ನ ಜೀಬ್ರಾ ಜಾತಿಯ ಎಂಬೂನಾ ಗಂಡು ಹೀಗೆ ತಗ್ಗಿತು. ಎಲ್ಲವೂ ತಗ್ಗುವುದಿಲ್ಲ, ತಗ್ಗದ್ದನ್ನು ಕೊಟ್ಟುಬಿಡುವುದೇ ವಾಸಿ. ಎತ್ತಿದ ಮೇಲೆ ಎರಡನೆಯದರ ಮೇಲೂ ಕಣ್ಣಿಡಿ. ಆಫ್ರಿಕಾದ್ದೇ ಬರ್ಟೋನಿ ಎಂಬ ಸಿಕ್ಲಿಡ್ ಮೇಲೆ ವಿಜ್ಞಾನಿಗಳು ಇದನ್ನು ನೋಡಿದ್ದಾರೆ. ದೊಡ್ಡ ಗಂಡನ್ನು ತೆಗೆದ ಕೆಲವೇ ನಿಮಿಷಗಳಲ್ಲಿ ಬಣ್ಣಗೆಟ್ಟು ಅಡಗಿದ್ದ ಇನ್ನೊಂದು ಗಂಡು ಬಣ್ಣ ತುಂಬಿಕೊಂಡು ಅಟ್ಟಲು ಶುರು ಮಾಡುತ್ತದೆ. ಕುರ್ಚಿ ಖಾಲಿ ಇರುವುದಿಲ್ಲ.

ಅಮೆರಿಕದವಕ್ಕೆ ಬರೋಣ. ಇಲ್ಲಿ ತುಂಬಿಸುವ ಉಪಾಯ ನಡೆಯುವುದಿಲ್ಲ. ಆಸ್ಕರ್ ಬೆಳೆದರೆ ಸುಮಾರು 30 ಸೆಂಟಿಮೀಟರ್, ಎಷ್ಟು ತುಂಬಿಸುತ್ತೀರಿ? ಫ್ಲವರ್‌ಹಾರ್ನ್ ಅನ್ನು ಒಂಟಿಯಾಗಿಯೇ ಇಡಿ. ಕನ್ವಿಕ್ಟ್ ಜೋಡಿ ಕಟ್ಟಿ ತಳದಲ್ಲಿ ಮೊಟ್ಟೆ ಇಟ್ಟಿತೆಂದರೆ ಗಂಡು ಹೆಣ್ಣು ಎರಡೂ ಕಾವಲು. ಉಳಿದ ಮೀನುಗಳೆಲ್ಲ ಇನ್ನೊಂದು ತುದಿಯಲ್ಲಿ ಗುಂಪಾಗಿ ನಿಂತಿರುತ್ತವೆ. ಆಗ ತೂತುಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಅಡ್ಡ ನಿಲ್ಲಿಸಿ ಟ್ಯಾಂಕನ್ನು ಎರಡು ಮಾಡಿ. ಗಂಡು ಹೆಣ್ಣನ್ನೇ ಬಡಿಯುತ್ತಿದ್ದರೆ ಅದೇ ಹಾಳೆಯಲ್ಲಿ ಹೆಣ್ಣು ಮಾತ್ರ ತೂರುವಷ್ಟು ಒಂದೆರಡು ತೂತು ದೊಡ್ಡದು ಮಾಡಿ. ಗಂಡು ದಪ್ಪ, ಅದಕ್ಕೆ ಆಗುವುದಿಲ್ಲ. ಹೆಣ್ಣು ಬೇಕಾದಾಗ ಹೋಗಿ ಬೇಡವಾದಾಗ ಈಚೆ ಬರುತ್ತದೆ. ಮರಿಗಳು ದೊಡ್ಡವಾದ ಮೇಲೆ ಹಾಳೆ ತೆಗೆಯಬಹುದು, ಆದರೆ ಅಟ್ಟಕ್ಕೆ ಎಸೆಯಬೇಡಿ. ಆ ಜೋಡಿ ಬೇಗನೇ ಮತ್ತೆ ಮೊಟ್ಟೆ ಇಡುತ್ತದೆ.