ಮೊದಲು ಸುರಂಗ, ಆಮೇಲೆ ಗ್ರಾಮರ್

ಕಾಸರಗೋಡಿನ ಬಾಯಾರು, ಪೈವಳಿಕೆ ಕಡೆಯ ಮಕ್ಕಳು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಅಂತ ಸಲೀಸಾಗಿ ಮಾತಾಡುತ್ತಾರೆ. ಇಂಗ್ಲಿಷ್ ಅಂದರೆ ಮಾತ್ರ ಬಾಯಿಗೆ ಬೀಗ. ಪರೀಕ್ಷೆ ಬಿಟ್ಟರೆ ಅದನ್ನು ಆಡುವುದಾದರೂ ಯಾರ ಹತ್ತಿರ? ಆ ‘ಯಾರು’ ಆನ್‌ಲೈನಿನಲ್ಲಿ ಸಿಗುತ್ತಾರೆ. ಹುಡುಕಿಕೊಡುವ ಕೆಲಸ ಟೀಚರದು.

ಮೊದಲು ಹೇಳಲು ಸರಕು ಬೇಕು. ‘ನನ್ನ ಹೆಸರು, ನನ್ನ ಹವ್ಯಾಸ’ ಎರಡೇ ದಿನಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಸುರಂಗ ಇದೆಯಲ್ಲ! ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ತೋಟಕ್ಕೆ ಇಳಿಸುವ ಉಪಾಯ. ಮಗು ‘ಟನಲ್’ ಅಂದರೆ ಆಚೆಯವರ ಕಣ್ಣಿಗೆ ರೈಲು ಬರುತ್ತದೆ. ಅಲ್ಲ ಅಂತ ಬಿಡಿಸಿ ಹೇಳಲೇಬೇಕು. ಎಷ್ಟು ಉದ್ದ, ತೋಡಿದ್ದು ಯಾರು, ಬೇಸಿಗೆಯಲ್ಲಿ ನೀರೆಷ್ಟು ಎಂದು ಅಜ್ಜನನ್ನು ಕೇಳಿಕೊಂಡು ಬರಲಿ.

ಕೇಳಿಸಿಕೊಳ್ಳಲು ಲಂಡನ್ನಿನವರೇ ಬೇಕಿಲ್ಲ. ನಾನಾದರೆ ಒಮಾನ್ ಆರಿಸುತ್ತೇನೆ. ಅಲ್ಲಿ ನೆಲದಡಿಯ ನೀರನ್ನು ಇಳಿಜಾರಿನಲ್ಲೇ ಹರಿಸಿ ತರುವ ‘ಫಲಜ್’ ಕಾಲುವೆಗಳಿವೆ. ಅಂಥ ಐದು 2006ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿವೆ. ನಮ್ಮ ಸುರಂಗಕ್ಕೆ ದೂರದ ನೆಂಟರು ಅನ್ನಿ. ಅಲ್ಲಿನ ಮಕ್ಕಳಿಗೂ ಇಂಗ್ಲಿಷ್ ಕಲಿತು ಬರಬೇಕಾದ ಭಾಷೆಯೇ, ಹಾಗಾಗಿ ನಾಚಿಕೆ ಅರ್ಧ ಕಡಿಮೆ. ಗಲ್ಫಿನಲ್ಲಿರುವ ಊರಿನವರ ಮೂಲಕ ಅಲ್ಲಿನ ಟೀಚರೊಬ್ಬರನ್ನು ಹಿಡಿಯಿರಿ.

ಶುರುವಿಗೇ ವಿಡಿಯೊ ಕಾಲ್ ಬೇಡ. ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಸಾಕು, ತಪ್ಪಿದರೆ ಅಳಿಸಿ ಮತ್ತೆ ಹೇಳಬಹುದು. ಕಳಿಸುವುದು ಟೀಚರ ಫೋನಿನಿಂದಲೇ. ಮಗುವಿನ ನಂಬರ್, ಮನೆಯ ವಿಳಾಸ ಹೋಗಬಾರದು, ಮನೆಯವರ ಒಪ್ಪಿಗೆ ಇರಬೇಕು.

ಕಷ್ಟದ ಹೆಜ್ಜೆ ನಮ್ಮದೇ: ತಿದ್ದದೆ ಇರುವುದು. ‘ವಾಟರ್ ಕಮಿಂಗ್ ಹಿಲ್ ಇನ್‌ಸೈಡ್’ ಅಂದರೆ ಸುಮ್ಮನಿರಿ. ‘ಫ್ರಮ್ ಇನ್‌ಸೈಡ್ ದ ಹಿಲ್?’ ಎಂದು ಆಚೆಯಿಂದ ಪ್ರಶ್ನೆ ಬಂದರೆ ಮಗು ಅದನ್ನೇ ಹಿಡಿದುಕೊಂಡು ಉತ್ತರಿಸುತ್ತದೆ. ಕೆಂಪು ಪೆನ್ನಿಗೆ ಆ ಶಕ್ತಿ ಇಲ್ಲ.

ನಾಲ್ಕೈದು ಮೆಸೇಜ್ ಆದ ಮೇಲೆ ಕಾಲ್ ಇಡಿ. ನಮ್ಮ ಹತ್ತೂವರೆಗೆ ಮಸ್ಕತ್‌ನಲ್ಲಿ ಒಂಬತ್ತು ಗಂಟೆ. ಶುಕ್ರವಾರ, ಶನಿವಾರ ಅಲ್ಲಿ ರಜೆ. ಸುರಂಗ ತೋರಿಸುವುದಾದರೆ ಬಾಯಿಯ ಹತ್ತಿರವೇ ನಿಲ್ಲಿ. ಒಳಗೆ ಹೋಗುವುದು ಅಪಾಯ, ರೇಂಜೂ ಸಿಗುವುದಿಲ್ಲ.