ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ: ಕನಸಿನ ಕ್ಲಾಸಿಕ್ ಸ್ಪೋರ್ಟ್ಸ್ ಕಾರು ಕೊಳ್ಳಬೇಕೋ ಬೇಡವೋ

ಹಳೇ ಸ್ಪೋರ್ಟ್ಸ್ ಕಾರು ನೋಡಲು ಹೋದವರು ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ನೋಡುತ್ತಾರೆ. ಮೊದಲು ಬಣ್ಣ, ಆಮೇಲೆ ಇಂಜಿನ್ ಸದ್ದು, ಆಮೇಲೆ ಒಂದು ರೌಂಡ್ ಡ್ರೈವ್, ತಕ್ಷಣ ಅಡ್ವಾನ್ಸ್. ಕಾಗದ ಪತ್ರ ಎಲ್ಲಕ್ಕಿಂತ ಕೊನೆಗೆ, ಅದೂ ಏಜೆಂಟ್ ಕೈಯಲ್ಲಿ. ಈ ಕ್ರಮವನ್ನು ಪೂರ್ತಿ ತಿರುಗಿಸಿ. ಮೊದಲು ಕಾಗದ, ಆಮೇಲೆ ತಗಡು, ಆಮೇಲೆ ಕಾರು ನಿಲ್ಲಿಸುವ ಜಾಗ ಮತ್ತು ಕೈ ಹಾಕುವ ಮೇಸ್ತ್ರಿ, ಇಂಜಿನ್ ಕೊನೆಗೆ. ಇಂಜಿನ್ ಬಿಚ್ಚಿ ಬೋರ್ ಮಾಡಿಸಿ ಕಟ್ಟಬಲ್ಲ ಕೈಗಳು ಬೆಂಗಳೂರಿನಲ್ಲಿ ಇನ್ನೂ ಇವೆ. ಕೊಳೆತ ಬಾಡಿಯನ್ನು ನೆಟ್ಟಗೆ ಕಟ್ಟುವವರು ಬೆರಳೆಣಿಕೆಯಷ್ಟು. ಕೆಟ್ಟ ದಾಖಲೆಯನ್ನಂತೂ ಯಾರೂ ರಿಪೇರಿ ಮಾಡಿಕೊಡಲಾರರು.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಕಾರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಬ್ರಿಟನ್ನಿನ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ಎಂಜಿಬಿ ರೋಡ್‌ಸ್ಟರ್. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಬಿಡಿಭಾಗ ಇಂದಿಗೂ ಹೊಸದಾಗಿ ಸಿಗುತ್ತವೆ, ಪೂರ್ತಿ ಬಾಡಿಶೆಲ್ ಕೂಡ. ಜಾಗ್ವಾರ್ ಇ-ಟೈಪ್, ಮರ್ಸಿಡಿಸ್ 230 ಎಸ್‌ಎಲ್‌ಗಳಿಗೂ ನೋಡುವ ಕ್ರಮ ಇದೇ. ಬಿಲ್ಲಿನ ಮೊತ್ತ ಮಾತ್ರ ಹಲವು ಪಟ್ಟು.

ಮೊದಲು ಕಾಗದ

ಆರ್‌ಸಿ ಪುಸ್ತಕದಲ್ಲಿರುವ ಚಾಸಿ ನಂಬರ್, ಕಾರಿನ ಪ್ಲೇಟ್‌ನಲ್ಲಿರುವ ನಂಬರ್ ಮತ್ತು ಇಂಜಿನ್ ನಂಬರ್, ಮೂರನ್ನೂ ಫೋಟೊ ತೆಗೆದು, ಚಾಸಿ ನಂಬರನ್ನು ಚಾಸಿ ನಂಬರಿಗೆ, ಇಂಜಿನ್ ನಂಬರನ್ನು ಆರ್‌ಸಿಯಲ್ಲಿರುವ ಇಂಜಿನ್ ನಂಬರಿಗೆ ಅಕ್ಷರ ಅಕ್ಷರ ಹೋಲಿಸಿ. ಮೊದಲ ತಲೆಮಾರಿನ ಎಂಜಿಬಿ ರೋಡ್‌ಸ್ಟರ್‌ನ ನಂಬರ್ ಜಿ-ಎಚ್‌-ಎನ್‌-3 ಎಂದು ಶುರುವಾಗುತ್ತದೆ, ನಂತರದವು 4 ಮತ್ತು 5. ಆರ್‌ಸಿಯಲ್ಲಿ 1965ರ ಮಾಡೆಲ್ ಎಂದಿದ್ದು ಪ್ಲೇಟ್‌ನಲ್ಲಿ 5 ಕಂಡರೆ ಎರಡು ಕಾರುಗಳ ಕಥೆ ಒಂದಾಗಿದೆ ಎಂದೇ ಅರ್ಥ. ಪ್ಲೇಟ್‌ನ ರಿವೆಟ್‌ಗಳು ಹೊಸದಾಗಿ ಹೊಳೆಯುತ್ತಿದ್ದರೆ, ಸುತ್ತಲಿನ ಬಣ್ಣ ಬೇರೆಯಾಗಿದ್ದರೆ ಕಾರಣ ಕೇಳಿ. ಇಂಜಿನ್ ಬದಲಾಗಿರುವುದು ದೊಡ್ಡ ತಪ್ಪೇನಲ್ಲ, ಆದರೆ ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಬೇಕು.

ಹಳೇ ನಂಬರಿನ ಕಾರುಗಳು ಎಷ್ಟೋ ಸಲ ಪರಿವಾಹನ್ ಆ್ಯಪ್‌ನಲ್ಲಿ ಸಿಗುವುದಿಲ್ಲ, ಏಕೆಂದರೆ ಆರ್‌ಟಿಒ ಲೆಡ್ಜರ್‌ನಿಂದ ಕಂಪ್ಯೂಟರ್‌ಗೆ ಏರಿಸಿರುವುದಿಲ್ಲ. ಆ ಕೆಲಸ ಮಾಡಿಸಿ ಮಾರುವ ಜವಾಬ್ದಾರಿ ಮಾರುವವರದೇ. ನೀವು ಕೊಂಡ ಮೇಲೆ ಅದು ನಿಮ್ಮ ತಲೆಗೆ ಬರುತ್ತದೆ. ವಿದೇಶದಿಂದ ಬಂದ ಕಾರಾದರೆ ಕಸ್ಟಮ್ಸ್ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ದಾಖಲೆ, ಕೇಳಿ. ಕಾರ್ನೆ (ಸುಂಕ ಕಟ್ಟದೆ ತಾತ್ಕಾಲಿಕವಾಗಿ ಕಾರು ತರುವ ಪತ್ರ) ಮೇಲೆ ಪ್ರವಾಸಕ್ಕೆಂದು ದೇಶದೊಳಗೆ ಬಂದ ಕಾರು ವಾಪಸ್ ಹೋಗಲೇಬೇಕಾದದ್ದು. ಹಾಗೆ ಉಳಿದುಹೋದ ಕಾರನ್ನು ಬಿಟ್ಟಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಬೇರೆ ರಾಜ್ಯದ ಕಾರಿಗೆ ನಿರಾಕ್ಷೇಪಣಾ ಪತ್ರ, ಅಂದರೆ ಫಾರ್ಮ್ 28, ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಇಲ್ಲಿ ಕಟ್ಟಬೇಕಾದ ರಸ್ತೆ ತೆರಿಗೆ ಎಷ್ಟಾಗುತ್ತದೆ ಎಂಬುದನ್ನು ನಿಮ್ಮ ವ್ಯಾಪ್ತಿಯ ಆರ್‌ಟಿಒದಲ್ಲೇ ಕೇಳಿ. ಏಜೆಂಟ್ ಹೇಳುವ ಅಂದಾಜು ನಂಬಬೇಡಿ.

ಇನ್ನು ಬಹಳ ಜನ ಎಡವುವ ಜಾಗ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರಿಗೆ 20,000 ರೂಪಾಯಿ ಶುಲ್ಕ, 10 ವರ್ಷ ಮಾನ್ಯತೆ, ನಂತರದ ನವೀಕರಣಕ್ಕೆ 5,000. ಮೊದಲೇ ನೋಂದಣಿಯಾದ ಕಾರಿನ ಹಳೇ ನಂಬರ್ ಉಳಿಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ರ‍್ಯಾಲಿ, ಪ್ರದರ್ಶನ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಂಥ ಕಾರಣಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಬೆಳಿಗ್ಗೆ ಮನೆಯವರನ್ನು ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗಿ ಬರುವುದು ನಿಮ್ಮ ಕನಸಾದರೆ ಈ ದಾರಿ ನಿಮಗಲ್ಲ. ನಿಮಗೆ ಬೇಕಾದದ್ದು ಮಾಮೂಲಿ ಆರ್‌ಸಿಯನ್ನು ಫಿಟ್‌ನೆಸ್ ತಪಾಸಣೆಯೊಂದಿಗೆ ಐದೈದು ವರ್ಷಕ್ಕೆ ನವೀಕರಿಸುವ ದಾರಿ. ಅದರ ಶುಲ್ಕ 2025ರ ಆಗಸ್ಟ್‌ನಲ್ಲಿ ಏರಿದೆ: 20 ವರ್ಷ ದಾಟಿದ ಸಾಮಾನ್ಯ ಕಾರಿಗೆ 10,000, ಆಮದು ಕಾರಿಗೆ 80,000 ರೂಪಾಯಿ, ಹಸಿರು ತೆರಿಗೆ ಬೇರೆ. ಓಡಿಸುವ ಸ್ವಾತಂತ್ರ್ಯಕ್ಕೆ ಕೊಡುವ ಬೆಲೆ ಇದು. ಯಾವ ದಾರಿ ಎಂದು ಕಾರು ನೋಡುವ ಮುಂಚೆಯೇ ತೀರ್ಮಾನಿಸಿ.

ತಗಡು

ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ಗಟ್ಟಿ ತಗಡಿನ ಟಾಪ್ ಕೂಡ ಇಲ್ಲದ್ದರಿಂದ ಮುಂದಿನ ಅರ್ಧ, ಹಿಂದಿನ ಅರ್ಧ ಎರಡನ್ನೂ ಹಿಡಿದಿರುವುದು ಬಾಗಿಲ ಕೆಳಗಿನ ಸಿಲ್. ಹೊರಗಿನ ತಗಡು, ಒಳಗಿನ ತಗಡು, ನಡುವೆ ಒಂದು ಪರದೆ, ಹೀಗೆ ಮೂರು ಪದರ. ನೀರು ನಿಲ್ಲುವುದು ಅಲ್ಲೇ, ತುಕ್ಕು ಹಿಡಿಯುವುದು ಒಳಗಿನಿಂದ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಪದರ ಹೋಗಿರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಬಟ್ಟೆಯ ಟಾಪ್ ಮಡಚಿ, ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬಾಗಿಲು ಹಾಕಿ, ಅದರ ಹಿಂಬದಿಯ ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯೇ ನೋಡಿ. ಈಗ ಸಿಲ್‌ನಲ್ಲಿರುವ ಜಾಕಿಂಗ್ ಪಾಯಿಂಟ್‌ಗೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿ. ಸಂದು ಕದಲದೆ ಇದ್ದರೆ, ಬಾಗಿಲು ಮೊದಲಿನಂತೆಯೇ ತೆರೆದು ಮುಚ್ಚಿದರೆ ಸಿಲ್‌ನಲ್ಲಿ ಜೀವ ಇದೆ. ಸಂದಿನ ಅಗಲ ಬದಲಾದರೆ, ಬಾಗಿಲು ಕಚ್ಚಿಕೊಂಡರೆ, ಅಥವಾ ಜಾಕ್ ಹಪ್ಪಳ ಮುರಿದ ಸದ್ದು ಮಾಡುತ್ತ ಒಳಗೆ ಇಳಿದರೆ ಅಲ್ಲಿಗೇ ನಿಲ್ಲಿಸಿ. ಜಾಕ್ ಕೊಡಲು ಮಾಲೀಕರು ಒಪ್ಪದಿದ್ದರೆ ಉತ್ತರ ಅದರಲ್ಲೇ ಇದೆ.

ಜೊತೆಗೆ ಒಂದು ಚಿಕ್ಕ ಅಯಸ್ಕಾಂತ ತೆಳು ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಫೆಂಡರ್‌ನ ಕೆಳಭಾಗ, ಚಕ್ರದ ಕಮಾನು, ಸಿಲ್‌ನ ಉದ್ದಕ್ಕೂ ಎಳೆದು ನೋಡಿ. ಹಿಡಿಯದ ಕಡೆ ಪುಟ್ಟಿ ಇದೆ. ಸೀಟಿನ ಹಿಂದೆ ಬ್ಯಾಟರಿ ಪೆಟ್ಟಿಗೆಗಳಿವೆ. ಎಂಜಿಬಿಯಲ್ಲಿ ಬಹುಕಾಲ ಎರಡು 6 ವೋಲ್ಟ್ ಬ್ಯಾಟರಿ ಅಲ್ಲೇ ಕೂರುತ್ತಿದ್ದವು, ಆಸಿಡ್ ಚೆಲ್ಲಿ ಪೆಟ್ಟಿಗೆ ತಿಂದುಹಾಕಿರುತ್ತದೆ. ಮ್ಯಾಟ್ ಎತ್ತಿ ಫ್ಲೋರ್ ನೋಡಿ. ಹೊಸ ಕಪ್ಪು ಅಂಡರ್‌ಕೋಟಿಂಗ್ ದಪ್ಪಗೆ ಬಳಿದಿದ್ದರೆ ಅನುಮಾನವೇ ಇರಲಿ.

ಸಿಲ್ ಹೋಗಿದ್ದರೂ ಟಿಂಕರಿಂಗ್ ಮಾಡಿಸಿದರಾಯಿತು ಎಂಬ ಮಾತು ಸಾಮಾನ್ಯ. ಸರಿಯಾದ ಕೆಲಸ ಏನೆಂದು ತಿಳಿದಿರಲಿ. ಮೊದಲು ಬಾಗಿಲ ಜಾಗದಲ್ಲಿ ಅಡ್ಡ ರಾಡ್ ಬೆಸೆದು ಬಾಡಿ ಮಡಚದಂತೆ ಬಿಗಿ ಮಾಡಬೇಕು, ಆಮೇಲೆ ಫೆಂಡರ್‌ಗಳ ಕೆಳ ಅಂಚು ಕತ್ತರಿಸಿ ಮೂರೂ ಪದರ ತೆಗೆದು ಹೊಸದು ಕೂರಿಸಬೇಕು, ಅದೂ ಗ್ಯಾಸ್ ವೆಲ್ಡಿಂಗ್‌ನಲ್ಲಲ್ಲ, ಎಂಐಜಿ (ತಂತಿ ಬಳಸುವ ವಿದ್ಯುತ್) ವೆಲ್ಡಿಂಗ್‌ನಲ್ಲಿ. ಗ್ಯಾಸ್‌ನ ಕಾವಿಗೆ ತೆಳು ತಗಡು ಸೊಟ್ಟಗಾಗುತ್ತದೆ. ರಾಡ್ ಇಲ್ಲದೆ ಕತ್ತರಿಸಿದರೆ ಬಾಡಿ ಜೋತುಬಿದ್ದ ಸ್ಥಿತಿಯಲ್ಲೇ ವೆಲ್ಡ್ ಆಗುತ್ತದೆ, ಆಮೇಲೆ ಬಾಗಿಲು ಯಾವತ್ತೂ ಸರಿ ಕೂರುವುದಿಲ್ಲ. ಹಳೇ ತುಕ್ಕಿನ ಮೇಲೆ ಹೊಸ ತಗಡಿನ ಹೊದಿಕೆ ಹಾಕುವುದು ರಿಪೇರಿ ಅಲ್ಲ, ಮುಚ್ಚಿಡುವ ಕೆಲಸ.

ಜಾಗ, ಪೆಟ್ರೋಲ್, ಮೇಸ್ತ್ರಿ

ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಆದರೆ ಎರಡು ವಿಷಯ. ಇಳಿಜಾರಿನ ತುದಿಯಲ್ಲಿ ಸೈಲೆನ್ಸರ್ ಉಜ್ಜುತ್ತದೆಯೇ ಅಳೆದು ನೋಡಿ. ಎಂಜಿಬಿ ನೆಲದಿಂದ ಸುಮಾರು 5 ಇಂಚು ಮಾತ್ರ ಮೇಲಿದೆ, ನಮ್ಮ ಬಡಾವಣೆಗಳ ಹಂಪ್‌ಗಳಿಗೂ ಇದೇ ಲೆಕ್ಕ. ಎರಡನೆಯದು ಮಳೆಗಾಲದಲ್ಲಿ ಗೋಡೆ ಜಿನುಗುತ್ತದೆಯೇ ಎಂಬುದು. ಜಿನುಗುವ ಬೇಸ್‌ಮೆಂಟ್‌ನಲ್ಲಿ ಪ್ಲಾಸ್ಟಿಕ್ ಕವರ್ ಹೊದಿಸಿ ನಿಲ್ಲಿಸಿದ ಕಾರು ಬಯಲಲ್ಲಿ ನಿಂತದ್ದಕ್ಕಿಂತ ಬೇಗ ಕೊಳೆಯುತ್ತದೆ. ಗಾಳಿಯಾಡುವ ಬಟ್ಟೆಯ ಕವರ್ ಬೇಕು.

ಬಂಕ್‌ಗಳಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲ್ ಇ20, ಅಂದರೆ ಶೇ 20 ಎಥನಾಲ್. ಹಳೇ ರಬ್ಬರ್ ಪೈಪ್, ಕಾರ್ಕ್ ಗ್ಯಾಸ್ಕೆಟ್, ಫ್ಯುಯಲ್ ಪಂಪ್ ಡಯಾಫ್ರಮ್ ಇದಕ್ಕೆಂದು ಮಾಡಿದವಲ್ಲ; ಉಬ್ಬುತ್ತವೆ, ಬಿರುಕು ಬಿಡುತ್ತವೆ. ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ರಬ್ಬರ್ ಪೈಪುಗಳನ್ನೂ ಎಥನಾಲ್ ತಡೆಯುವ, ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಪೈಪಿಗೆ ಬದಲಿಸುವ ಖರ್ಚನ್ನು ಕಾರಿನ ಬೆಲೆಗೇ ಸೇರಿಸಿ. ಎಥನಾಲ್ ನೀರು ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕ್ ಒಳಗೆ ತುಕ್ಕು. ಗಾಳಿ-ಪೆಟ್ರೋಲ್ ಮಿಶ್ರಣವೂ ಬದಲಾಗುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಹಾಗಾಗಿ ಕಾರ್ಬುರೇಟರ್ ಸ್ವಲ್ಪ ರಿಚ್, ಅಂದರೆ ಪೆಟ್ರೋಲ್ ಪಾಲು ಹೆಚ್ಚಾಗಿ, ಓಡುತ್ತದೆ. ಇ20 ಅದನ್ನು ಲೀನ್ ಕಡೆಗೆ, ಅಂದರೆ ಗಾಳಿ ಪಾಲು ಹೆಚ್ಚಾಗುವ ಕಡೆಗೆ ಎಳೆಯುತ್ತದೆ, ಎತ್ತರ ಕೊಟ್ಟದ್ದಕ್ಕಿಂತ ಹೆಚ್ಚಾಗಿಯೇ. ಎಂಜಿಬಿಯ ಜೋಡಿ ಎಸ್‌ಯು ಕಾರ್ಬುರೇಟರ್‌ನಲ್ಲಿ ಜೆಟ್ ನಟ್ ಒಂದೊಂದೇ ಮುಖ ಕೆಳಕ್ಕೆ ತಿರುಗಿಸಿದರೆ ರಿಚ್ ಆಗುತ್ತದೆ. ಎರಡೂ ಕಾರ್ಬುರೇಟರ್‌ಗೆ ಒಂದೇ ಅಳತೆ, ಆಮೇಲೆ ಪ್ಲಗ್ ಬಣ್ಣ ನೋಡಿ: ಬಿಳಿಚಿದ್ದರೆ ಇನ್ನೂ ಲೀನ್, ಮಸಿ ಕಟ್ಟಿದ್ದರೆ ರಿಚ್, ತಿಳಿ ಕಂದು ಸರಿ.

ಮೇಸ್ತ್ರಿ ವಿಷಯದಲ್ಲಿ ಎಂಜಿಬಿ ಕೊಳ್ಳುವವರಿಗೆ ಒಂದು ಅದೃಷ್ಟ. ಅದರ 1798 ಸಿಸಿ ಇಂಜಿನ್ ಬಿಎಂಸಿ ಬಿ-ಸೀರೀಸ್ ವಂಶದ್ದು; ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಕೂಡ ಅದೇ ವಂಶ. ಅಂಬಾಸಿಡರ್ ಬಿಚ್ಚಿ ಕಟ್ಟಿದ ಹಿರಿಯ ಮೇಸ್ತ್ರಿಗೆ ಈ ಇಂಜಿನ್ ಹೊಸದೇನಲ್ಲ. ಹಾಗೆಂದು ಜೆ.ಸಿ. ರಸ್ತೆಯಲ್ಲಿ ಸಿಗುವ ಅಂಬಾಸಿಡರ್ ಪಾರ್ಟ್ ಎಲ್ಲವೂ ಕೂರುತ್ತದೆ ಎಂದಲ್ಲ, ಬೋರ್ ಬೇರೆ, ಪಿಸ್ಟನ್ ಬೇರೆ. ಕಾರು ಕೊಳ್ಳುವ ಮೊದಲೇ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ದಿನದ ಕೂಲಿ ಕೊಟ್ಟೇ ಕರೆದೊಯ್ಯಿರಿ. ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್‌ನವರನ್ನು ವಿಚಾರಿಸಿದರೆ ಊರಿನಲ್ಲಿ ಯಾವ ಕಾರು ಯಾರ ಕೈ ದಾಟಿ ಬಂದಿದೆ ಎಂಬುದೂ ತಿಳಿಯುವ ಸಾಧ್ಯತೆ ಇದೆ.

ಇಂಜಿನ್

ಮಾರುವವರು ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿ ಅನ್ನುತ್ತಾರೆ. ನೀವು ವಾರದ ದಿನ ಸಂಜೆ ಆರಕ್ಕೆ ಹೋಗಿ. ಹೋದ ಕೂಡಲೇ ರೇಡಿಯೇಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕೋಲ್ಡ್ ಸ್ಟಾರ್ಟ್ ನಿಮ್ಮಿಂದ ಮುಚ್ಚಿಟ್ಟಿದ್ದಾರೆ. ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷ, ಹೆಡ್‌ಲೈಟ್ ಹಾಕಿಯೇ ಓಡಿಸಿ. ಟೆಂಪರೇಚರ್ ಮುಳ್ಳು ಏರುತ್ತಲೇ ಹೋದರೆ ರೇಡಿಯೇಟರ್ ಕಟ್ಟಿಕೊಂಡಿದೆ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. 1967ರವರೆಗಿನ ಎಂಜಿಬಿಗೆ ಆಲ್ಟರ್ನೇಟರ್ ಇಲ್ಲ, ಡೈನಮೊ. ಐಡಲ್‌ನಲ್ಲಿ ಅದು ಚಾರ್ಜ್ ಮಾಡುವುದಿಲ್ಲವೆಂದೇ ಹೇಳಬೇಕು, ಗಾಡಿಗಳು ನಿಂತೇ ಇರುವ ಸಿಲ್ಕ್ ಬೋರ್ಡ್‌ನಂಥ ಕಡೆ ರಾತ್ರಿ ಬ್ಯಾಟರಿ ಇಳಿಯುವುದು ಅದಕ್ಕೇ. ಆ ಕಾರುಗಳು ಪಾಸಿಟಿವ್ ಅರ್ತ್ ಕೂಡ, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಜೋಡಣೆ. ಈಗಿನ ಚಾರ್ಜರ್, ರೇಡಿಯೊ ಹಾಗೇ ಜೋಡಿಸಿದರೆ ಸುಟ್ಟುಹೋಗುತ್ತವೆ.

ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಓಡುವಾಗ 50ರಿಂದ 80 ಪಿಎಸ್‌ಐ, ಐಡಲ್‌ನಲ್ಲಿ 15ರ ಆಸುಪಾಸಾದರೂ ಇರಬೇಕು. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಪರೀಕ್ಷೆಗೆ ನಾಲ್ಕೂ ಪ್ಲಗ್ ತೆಗೆದು, ಒಂದೊಂದು ರಂಧ್ರಕ್ಕೂ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಇಲ್ಲಿನ ಎತ್ತರಕ್ಕೆ ಮ್ಯಾನ್ಯುವಲ್ ಅಂಕಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ ತೋರಿದರೆ ಗಾಬರಿ ಬೇಡ. ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಂಜಿನ್ ಬಿಚ್ಚುವ ಖರ್ಚು ಲೆಕ್ಕ ಹಾಕಿ. ವೈರ್ ವೀಲ್ (ಕಡ್ಡಿ ಚಕ್ರ) ಇದ್ದರೆ ಹಿಂದಿನ ಚಕ್ರ ಎತ್ತಿ, ಒಬ್ಬರು ಬ್ರೇಕ್ ಒತ್ತಿರಲಿ, ಇನ್ನೊಬ್ಬರು ಚಕ್ರ ಹಿಂದೆ ಮುಂದೆ ತಿರುಗಿಸಿ. ಟಕ್ ಟಕ್ ಎಂದರೆ ಹಬ್‌ನ ಹಲ್ಲು ಸವೆದಿದೆ, ಹಬ್ ಮತ್ತು ಚಕ್ರ ಎರಡೂ ಬದಲಾಗಬೇಕು. ಮುಂದಿನ ಚಕ್ರ ತಿರುಗುವ ಕೀಲಾದ ಕಿಂಗ್ ಪಿನ್‌ಗೆ ಗ್ರೀಸ್ ಕಾಣದ ಕಾರುಗಳೇ ಹೆಚ್ಚು, ಸ್ಟಿಯರಿಂಗ್ ಬಿಗಿ ಇದ್ದರೆ ಮೊದಲು ಅಲ್ಲಿ ನೋಡಿ.

ದುಡ್ಡು

ಕಾರಿನ ಬೆಲೆಯ ಮೇಲೆ ಕನಿಷ್ಠ ಅದರ ಅರ್ಧದಷ್ಟು ಕೈಯಲ್ಲಿ ಉಳಿಯದಿದ್ದರೆ ಕೊಳ್ಳಬೇಡಿ. ಟೈರ್, ಬ್ರೇಕ್, ಪೆಟ್ರೋಲ್ ಪೈಪ್, ವೈರಿಂಗ್ ಮೊದಲ ವರ್ಷದಲ್ಲೇ ಬಾಯಿ ತೆರೆಯುತ್ತವೆ. ಟೈರ್‌ನ ಗೆರೆ ಎಷ್ಟಿದ್ದರೂ ಪಕ್ಕದ ನಾಲ್ಕಂಕಿ ನೋಡಿ: 2316 ಎಂದರೆ 2016ರ 23ನೇ ವಾರದ್ದು, ಅಷ್ಟು ಹಳೇ ರಬ್ಬರ್ ಮೇಲೆ ಹೈವೇ ಬೇಡ. ವಿಮೆ ಮಾಡಿಸುವಾಗ ಕಾರಿನ ಮೌಲ್ಯ ನೀವೂ ಕಂಪನಿಯೂ ಒಪ್ಪಿ ನಿಗದಿಯಾಗಬೇಕು. ಫೋಟೊ, ಬಿಲ್ಲುಗಳ ಫೈಲ್ ಇಲ್ಲದಿದ್ದರೆ ಗುಜರಿ ಬೆಲೆಗೆ ಇಳಿಸುತ್ತಾರೆ.

ಲೆಕ್ಕ ಕೂಡಿ ಬರದಿದ್ದರೆ ಕನಸಿಗೆ ಹತ್ತಿರದ ಇನ್ನೊಂದು ದಾರಿ ಇದೆ, ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್. ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ನಿಂತಿರುವುದು ಹೆರಾಲ್ಡ್‌ನ ಚಾಸಿಯನ್ನೇ ಮೊಟಕು ಮಾಡಿದ ಚಾಸಿಯ ಮೇಲೆ. ಪ್ರತ್ಯೇಕ ಚಾಸಿ ಇರುವುದರಿಂದ ಬಾಡಿ ಕೆಲಸ ಸುಲಭ, ಬಾನೆಟ್ ಪೂರ್ತಿ ಮುಂದಕ್ಕೆ ಮಗುಚುವುದರಿಂದ ಇಂಜಿನ್ ಕೆಲಸವೂ ಸುಲಭ. ಇಲ್ಲೇ ತಯಾರಾದ ಕಾರಾದ್ದರಿಂದ ನವೀಕರಣ ಶುಲ್ಕ 80,000 ಅಲ್ಲ, 10,000.

ಎಂಜಿಬಿಯೇ ಸರಿ ಎಂದು ಗಟ್ಟಿಯಾದರೆ ಟೋಕನ್ ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಚಾಸಿ ನಂಬರ್, ಇಂಜಿನ್ ನಂಬರ್ ಬರೆದ ಒಪ್ಪಂದದಲ್ಲಿ ‘ಆರ್‌ಟಿಒ ವರ್ಗಾವಣೆ ಆಗದಿದ್ದರೆ ಹಣ ವಾಪಸ್’ ಎಂಬ ಸಾಲು ಇರಲಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿ ನಿಮ್ಮೆದುರೇ ಹಾಕಿಸಿಕೊಳ್ಳಿ, 14 ದಿನದೊಳಗೆ ವಿಮೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಕಾರನ್ನು ಮೊದಲ ಸಲ ಮನೆಗೆ ಓಡಿಸಿಕೊಂಡು ಬರಬೇಡಿ, ಫ್ಲ್ಯಾಟ್‌ಬೆಡ್ ಲಾರಿಯಲ್ಲಿ ನೇರ ಗ್ಯಾರೇಜಿಗೆ ತನ್ನಿ. ಬ್ರೇಕ್ ಪೈಪ್ ಮತ್ತು ಪೆಟ್ರೋಲ್ ಪೈಪ್ ಬದಲಾದ ಮೇಲೆಯೇ ಅದು ರಸ್ತೆಗೆ ಇಳಿಯಲಿ.