ನಾವು ಹೋದ ಮೇಲೂ ನಡೆಯಬೇಕು: ಆರ್ಕಿಟೆಕ್ಚರ್ ಫ್ರಟರ್ನಿಟಿ ಕಟ್ಟಿದ ನನ್ನ ಅನುಭವ

"ಅದೇನೇ ಅದು, ಗಂಡುಹುಡುಗರ ಸಂಘದಲ್ಲಿ ನಿನಗೇನು ಕೆಲಸ?" ಮೈಸೂರಿನಿಂದ ಫೋನಿನಲ್ಲಿ ಅಮ್ಮ ಮೊದಲು ಕೇಳಿದ್ದು ಇದನ್ನೇ. ತಪ್ಪಲ್ಲ. ಅಮೆರಿಕದ ಸಿನಿಮಾ ನೋಡಿದವರಿಗೆ ಫ್ರಟರ್ನಿಟಿ (ಅಲ್ಲಿನ ಕಾಲೇಜುಗಳ ಒಂದು ಬಗೆಯ ವಿದ್ಯಾರ್ಥಿ ಸಂಘ) ಎಂದರೆ ದೊಡ್ಡ ಮನೆ, ಕುಡಿತ, ಗಲಾಟೆ, ಹುಡುಗರು. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಮೈಸೂರಿನಲ್ಲಿ ಐದು ವರ್ಷ ಬಿ.ಆರ್ಕ್ ಮುಗಿಸಿ, 2021ರಲ್ಲಿ ಎಂ.ಆರ್ಕ್ ಮಾಡಲು ಅಮೆರಿಕದ ಮಧ್ಯಪಶ್ಚಿಮದ ಒಂದು ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿ ಎರಡು ವರ್ಷ ಓದುತ್ತಾ, ಕೆಲವು ಗೆಳೆಯರ ಜೊತೆ ಸೇರಿ ಆಲ್ಫಾ ರೋ ಕೈ ಎಂಬ ಫ್ರಟರ್ನಿಟಿಯ ಹೊಸ ಚಾಪ್ಟರ್ (ಶಾಖೆ) ಕಟ್ಟಿದೆವು. ಕಾಲೇಜಿನ ಹೆಸರು ಬರೆಯುವುದಿಲ್ಲ. ಇದರಲ್ಲಿ ಗೆಳೆಯರ ಖಾಸಗಿ ವಿಷಯಗಳೂ ಇವೆ.

ಆಲ್ಫಾ ರೋ ಕೈ ಶುರುವಾದದ್ದು 1914ರಲ್ಲಿ. ಇಲಿನಾಯ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳಲ್ಲಿ ಬೇರೆ ಬೇರೆಯಾಗಿದ್ದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಎರಡು ಕೂಟಗಳು ಒಂದಾಗಿ ಹುಟ್ಟಿದ ಸಂಸ್ಥೆ ಅದು. ಆಲ್ಫಾ, ರೋ, ಕೈ ಎಂಬ ಮೂರು ಗ್ರೀಕ್ ಅಕ್ಷರಗಳನ್ನು ಕೂಡಿಸಿ ಓದಿದರೆ ಆರ್ಕಿಟೆಕ್ಚರ್ ಎಂಬ ಮಾತಿನ ಮೊದಲ ಭಾಗವೇ ಸಿಗುತ್ತದೆ. ಇದು ವೃತ್ತಿಗೆ ಸೇರಿದ ಫ್ರಟರ್ನಿಟಿ, ಬರೀ ಸ್ನೇಹಕೂಟವಲ್ಲ. ಅಲ್ಲಿನ ಕಾನೂನಿನಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಇದೆ. ವಿದ್ಯಾಭ್ಯಾಸದಲ್ಲಿ ಗಂಡು ಹೆಣ್ಣು ಭೇದ ಮಾಡಬಾರದು ಎಂಬ ಟೈಟಲ್ ನೈನ್ ಕಾಯ್ದೆ 1972ರಲ್ಲಿ ಬಂತು. ಸ್ನೇಹಕೂಟದ ಫ್ರಟರ್ನಿಟಿಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು, ವೃತ್ತಿ ಫ್ರಟರ್ನಿಟಿಗಳಿಗೆ ಸಿಗಲಿಲ್ಲ. ಹಾಗಾಗಿ ಇಲ್ಲಿ ಹೆಣ್ಣುಮಕ್ಕಳೂ ಸದಸ್ಯರು. ಎಲ್ಲರನ್ನೂ ಕರೆಯುವುದು ಮಾತ್ರ ಬ್ರದರ್ ಎಂದೇ. ಇಷ್ಟನ್ನು ವಿವರಿಸಿದ ಮೇಲೆ ಅಮ್ಮ, "ಸರಿ ಬಿಡು, ಊಟ ಮಾಡಿದ್ಯಾ?" ಎಂದರು.

ಯಾಕೆ ಬೇಕಿತ್ತು ಇದು? ಒಂದು ರಾತ್ರಿಯ ಕಥೆ ಹೇಳುತ್ತೇನೆ.

ಮೊದಲ ಸೆಮಿಸ್ಟರ್, ಅಕ್ಟೋಬರ್ ತಿಂಗಳು. ರಾತ್ರಿ ಒಂದು ಗಂಟೆ ದಾಟಿತ್ತು. ಸ್ಟುಡಿಯೊದಲ್ಲಿ, ಅಂದರೆ ನಾವೆಲ್ಲ ಡ್ರಾಯಿಂಗ್, ಮಾಡೆಲ್ ಮಾಡುವ ದೊಡ್ಡ ಕೋಣೆಯಲ್ಲಿ, ನನ್ನ ಟೇಬಲ್ಲಿನಿಂದ ಎರಡು ಸಾಲು ಆಚೆ ಬಿ.ಆರ್ಕ್ ಮೊದಲ ವರ್ಷದ ಒಬ್ಬ ಹುಡುಗಿ ಚಿಪ್‌ಬೋರ್ಡ್ (ಮಾಡೆಲ್ ಮಾಡುವ ದಪ್ಪ ರಟ್ಟು) ಕತ್ತರಿಸುತ್ತಿದ್ದಳು. ಮೊಂಡಾದ ಬ್ಲೇಡು. ಅದು ಕೊಯ್ಯುತ್ತಿಲ್ಲ ಎಂದು ಇನ್ನೂ ಜೋರಾಗಿ ಒತ್ತುತ್ತಿದ್ದಳು. ಪ್ಲಾಸ್ಟಿಕ್ ಸ್ಕೇಲು ಜಾರಿತು, ಬ್ಲೇಡು ಎಡಗೈ ತೋರುಬೆರಳಿಗೆ ಬಿತ್ತು. ಆಳದ ಗಾಯವೇನಲ್ಲ, ಆದರೂ ಬೋರ್ಡಿನ ಮೇಲೆ ರಕ್ತ ನೋಡಿ ಅವಳ ಮುಖ ಸಪ್ಪಗಾಯಿತು. ಬೆರಳಿಗೆ ಟಿಶ್ಯೂ ಸುತ್ತಿ, ನನ್ನ ಕಬ್ಬಿಣದ ಸ್ಕೇಲು ತಂದು ತೋರಿಸಿದೆ. ಹೊಸ ಬ್ಲೇಡು ಹಾಕು. ಒಂದೇ ಸಲಕ್ಕೆ ಕೊಯ್ಯಲು ಹೋಗಬೇಡ. ಮೊದಲ ಸಲ ಸುಮ್ನೆ ಗೆರೆ ಬೀಳಲಿ, ಎರಡನೇ ಸಲ ಅರ್ಧ, ಮೂರನೇ ಸಲ ತಾನಾಗಿ ಬಿಡುತ್ತದೆ. ಸ್ಕೇಲು ಹಿಡಿದ ಬೆರಳುಗಳು ಅಂಚಿನಿಂದ ಹಿಂದಕ್ಕೆ ಇರಲಿ. ಎರಡು ನಿಮಿಷದ ಪಾಠ. ಅವಳು ಕೇಳಿದಳು, "ಇದನ್ನ ನನಗೆ ಯಾರೂ ಯಾಕೆ ಹೇಳಿಲ್ಲ?"

ಮೈಸೂರಿನಲ್ಲಿ ನಮಗೆ ಹೇಳುವವರು ಇದ್ದರು. ಸಬ್ಮಿಷನ್ ಹಿಂದಿನ ರಾತ್ರಿ ಸೀನಿಯರ್‌ಗಳ ಮನೆಗೆ ಹೋಗಿ ಕೂರುತ್ತಿದ್ದೆವು. ಅವರ ಮಾಡೆಲ್‌ಗೆ ನಾವು ಗೋಂದು ಹಚ್ಚುತ್ತಿದ್ದೆವು, ನಮ್ಮ ಪ್ಲಾನ್‌ನಲ್ಲಿ ಮೆಟ್ಟಿಲು ತಪ್ಪಿದ್ದರೆ ಅವರು ಬೈಯುತ್ತಿದ್ದರು. ಇಲ್ಲಿ ಒಂದೇ ಛಾವಣಿಯ ಕೆಳಗೆ ಐದು ವರ್ಷದವರೂ ಇದ್ದರು, ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್.

ಆ ವಾರವೇ ನನ್ನ ಬ್ಯಾಚಿನ ಒಬ್ಬ ಹುಡುಗ ಆಲ್ಫಾ ರೋ ಕೈ ಬಗ್ಗೆ ಹೇಳಿದ. ಅವನು ಪದವಿ ಓದಿದ ಕಾಲೇಜಿನಲ್ಲಿ ಚಾಪ್ಟರ್ ಇತ್ತಂತೆ. ನಾವು ಏಳು ಜನ ಸೇರಿದೆವು.

ಮೊದಲ ತಪ್ಪು ಮಾಡಿದ್ದು ಸಭೆಯ ದಿನದ ವಿಷಯದಲ್ಲಿ. ಗುರುವಾರ ಸಂಜೆ ಅಂತ ಇಟ್ಟೆವು. ಸ್ಟುಡಿಯೊ ಕ್ಲಾಸ್ ಇರುವುದು ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ. ಗುರುವಾರ ಎಂದರೆ, ಶುಕ್ರವಾರ ಮೇಷ್ಟ್ರು ಟೇಬಲ್ಲಿಗೆ ಬಂದು ನಮ್ಮ ಕೆಲಸ ವಿಮರ್ಶಿಸುವ ಡೆಸ್ಕ್ ಕ್ರಿಟ್‌ಗೆ ಎಲ್ಲರೂ ಒದ್ದಾಡುವ ದಿನ. ಮೂರನೇ ಸಭೆಗೆ ಬಂದವರು ಮೂರೇ ಜನ. ಶುಕ್ರವಾರ ಕ್ಲಾಸ್ ಮುಗಿದ ಕೂಡಲೇ, ಸ್ಟುಡಿಯೊದಲ್ಲೇ ಸಭೆ ಅಂತ ಬದಲಾಯಿಸಿದೆವು. ಮುಂದಿನ ವಾರ ಹದಿನಾಲ್ಕು ಜನ ಬಂದರು. ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಯಾವ ಸಂಘವೇ ಆಗಲಿ, ಸ್ಟುಡಿಯೊದ ವೇಳಾಪಟ್ಟಿ ನೋಡದೆ ಒಂದು ದಿನವನ್ನೂ ಗೊತ್ತು ಮಾಡಬೇಡಿ. ಮಿಡ್‌ಟರ್ಮ್ ರಿವ್ಯೂ (ಎಲ್ಲರ ಎದುರು ಕೆಲಸ ತೋರಿಸಿ ವಿಮರ್ಶೆ ಕೇಳುವುದು) ಇರುವ ವಾರ ಏನನ್ನೂ ಇಡಬೇಡಿ.

ಎರಡನೆಯದು, ಜನ ಬರುವುದು ಗ್ರೀಕ್ ಅಕ್ಷರ ನೋಡಿ ಅಲ್ಲ. ಕ್ಯಾಂಪಸ್ಸಿನಲ್ಲಿ ಆಗಲೇ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಬೇರೆ ಸಂಘಗಳಿದ್ದವು, ಒಳ್ಳೆಯ ಕೆಲಸವನ್ನೂ ಮಾಡುತ್ತಿದ್ದವು. "ಇನ್ನೊಂದು ಯಾಕೆ?" ಎಂದು ಕೇಳಿದವರಿಗೆ ಬಾಯಿಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಕೆಲಸ ಮಾಡಿ ತೋರಿಸಬೇಕಾಯಿತು. ನಮ್ಮ ಮೊದಲ ಕಾರ್ಯಕ್ರಮ ಲೈಸೆನ್ಸ್ ಬಗ್ಗೆ. ಅಮೆರಿಕದಲ್ಲಿ ಆರ್ಕಿಟೆಕ್ಟ್ ಎಂದು ಕರೆಸಿಕೊಳ್ಳಲು ಡಿಗ್ರಿ ಸಾಲದು. ಎಎಕ್ಸ್‌ಪಿ ಎಂಬ ವ್ಯವಸ್ಥೆಯಡಿ ಆರು ವಿಭಾಗಗಳಲ್ಲಿ ಒಟ್ಟು 3,740 ಗಂಟೆಗಳ ಕೆಲಸದ ಅನುಭವ ದಾಖಲಿಸಬೇಕು, ಆರು ಪರೀಕ್ಷೆ ಪಾಸಾಗಬೇಕು. ಓದುತ್ತಿರುವಾಗ ಬೇಸಿಗೆ ರಜೆಯಲ್ಲಿ ಆಫೀಸಿನಲ್ಲಿ ಮಾಡಿದ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಆದರೆ ಆಗಿನ ನಿಯಮದಂತೆ ಎಂಟು ತಿಂಗಳೊಳಗೆ ದಾಖಲಿಸಬೇಕಿತ್ತು, ತಡವಾದರೆ ಅರ್ಧವೇ ಸಿಗುತ್ತಿತ್ತು. ನಾಲ್ಕನೇ ವರ್ಷದ ಒಬ್ಬನಿಗೆ ಇದು ಗೊತ್ತೇ ಇರಲಿಲ್ಲ. ಎರಡು ಬೇಸಿಗೆ ದುಡಿದಿದ್ದ. ಅವನು ಅಲ್ಲೇ ಲ್ಯಾಪ್‌ಟಾಪ್ ತೆಗೆದು ಲೆಕ್ಕ ಹಾಕತೊಡಗಿದ. ಆ ಕೋಣೆಯಲ್ಲಿದ್ದ ಮೊದಲ ವರ್ಷದವರು ಅದನ್ನು ನೋಡಿದರು. ಅವತ್ತೇ ಹನ್ನೊಂದು ಜನ ಹೆಸರು ಬರೆಸಿದರು.

ಇನ್ನು ಕಾಗದಪತ್ರ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ನಡೆದದ್ದು ಮಾತ್ರ ಬೇಗ ಅಲ್ಲ. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘವಾಗಿ ನೋಂದಣಿ ಮಾಡಿಸಬೇಕು. ಒಬ್ಬ ಪ್ರಾಧ್ಯಾಪಕರು ಸಲಹೆಗಾರರಾಗಲು ಒಪ್ಪಬೇಕು. ಬೈಲಾ (ಸಂಘದ ನಿಯಮಗಳು) ಬರೆಯಬೇಕು. ಫ್ರಟರ್ನಿಟಿಯ ರಾಷ್ಟ್ರೀಯ ಸಂಸ್ಥೆಯ ಜೊತೆ ಪತ್ರ ವ್ಯವಹಾರ, ಅವರು ನಮ್ಮನ್ನು ಕೆಲಕಾಲ ನೋಡಿ, ನಿಲ್ಲುವವರು ಎಂದು ನಂಬಿಕೆ ಬಂದ ಮೇಲಷ್ಟೇ ಚಾರ್ಟರ್, ಅಂದರೆ ಅಧಿಕೃತ ಚಾಪ್ಟರ್ ಎಂಬ ಮಾನ್ಯತೆ. ನಾವು ಮೊದಲು ಕೇಳಿದ ಪ್ರಾಧ್ಯಾಪಕರು ಫ್ರಟರ್ನಿಟಿ ಎಂಬ ಮಾತು ಕೇಳಿಯೇ ಕೈಮುಗಿದರು. ಒಂದು ಕಚೇರಿಯಲ್ಲಿ ನಮ್ಮ ಅರ್ಜಿ ಇಡೀ ಸೆಮಿಸ್ಟರ್ ಮೇಜಿನ ಮೇಲೇ ಇತ್ತು. ಕೊನೆಗೆ ನಮಗೆ ಒಪ್ಪಿದವರು ಸ್ಟ್ರಕ್ಚರ್ಸ್ ಕಲಿಸುವ ಮೇಡಂ. ಅವರ ಷರತ್ತು ಒಂದೇ: "ರಾತ್ರಿಯೆಲ್ಲ ಎದ್ದಿರುವುದನ್ನು ಹೆಮ್ಮೆ ಅಂತ ಕಲಿಸಬಾರದು."

ಆ ಮಾತಿಗೆ ಹಿನ್ನೆಲೆ ಇದೆ. ಅಮೆರಿಕದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘ 2002ರಲ್ಲೇ ಸ್ಟುಡಿಯೊ ಸಂಸ್ಕೃತಿಯ ಬಗ್ಗೆ ವರದಿ ಬರೆದಿತ್ತು. ನಿದ್ದೆಗೆಡುವುದು, ಆರೋಗ್ಯ ಕೆಡಿಸಿಕೊಳ್ಳುವುದು, ರಿವ್ಯೂನಲ್ಲಿ ಅವಮಾನ, ಇದೆಲ್ಲ ಕಲಿಕೆಯ ಭಾಗ ಅಲ್ಲ ಎಂದು ಅದು ಹೇಳಿತು. ಆಮೇಲೆ ಮಾನ್ಯತೆ ಬೇಕಾದ ಕಾಲೇಜುಗಳು ಈ ಬಗ್ಗೆ ಲಿಖಿತ ನೀತಿ ಇಟ್ಟುಕೊಳ್ಳಬೇಕಾಯಿತು. ನಮ್ಮ ಕಾಲೇಜಿನಲ್ಲೂ ಆ ನೀತಿ ಇತ್ತು, ಆದರೆ ಯಾರೂ ಓದಿರಲಿಲ್ಲ. ನಮ್ಮ ಬೈಲಾದಲ್ಲಿ ಅದನ್ನು ಹೆಸರು ಹೇಳಿ ಸೇರಿಸಿದೆವು.

ಹೇಜಿಂಗ್ ಬಗ್ಗೆ ಬರೆಯುವಾಗ ಮಾತ್ರ ಜಾಸ್ತಿ ಹೊತ್ತು ಕೂತೆವು. ಅದು ನಮ್ಮ ರ‍್ಯಾಗಿಂಗ್‌ನ ಅಣ್ಣ. ಮೈಸೂರಿನಲ್ಲಿ ಪ್ರತಿ ವರ್ಷ ನಾನೂ ಅಪ್ಪನೂ ರ‍್ಯಾಗಿಂಗ್ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕುತ್ತಿದ್ದದ್ದು ಹೇಳಿದೆ. ಯುಜಿಸಿ 2009ರಲ್ಲಿ ತಂದ ನಿಯಮ ಅದು. ಅಪ್ಪ ಅಮ್ಮನೂ ಸಹಿ ಹಾಕಬೇಕು ಎಂದಾಗ ಅಲ್ಲಿದ್ದವರಿಗೆ ಆಶ್ಚರ್ಯ. ನಮ್ಮ ಸಭೆಯಲ್ಲಿ ಒಬ್ಬ, "ಹೊಸಬರು ಹಳಬರ ಮಾಡೆಲ್ ಕೆಲಸಕ್ಕೆ ಸಹಾಯ ಮಾಡುವುದು ತಪ್ಪೇ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ನಾನೇ ಮೈಸೂರಿನಲ್ಲಿ ಖುಷಿಯಿಂದ ಮಾಡಿದ್ದ ಕೆಲಸ ಅದು. ಎರಡು ಗಂಟೆ ಮಾತಾಡಿ ಒಂದು ಸಾಲು ಬರೆದೆವು: ಹೊಸಬರು ಬೇಡ ಎನ್ನಬಹುದು, ಬೇಡ ಎಂದವರ ಸದಸ್ಯತ್ವಕ್ಕೆ ಏನೂ ಆಗಬಾರದು, ಎಷ್ಟು ಹೊತ್ತು ಸಹಾಯ ಪಡೆದಿರೋ ಅಷ್ಟೇ ಹೊತ್ತು ನೀವೂ ಅವರ ಟೇಬಲ್ಲಿನಲ್ಲಿ ಕೂರಬೇಕು. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಹೇಜಿಂಗ್ ವಿರುದ್ಧ ಕೇಂದ್ರ ಕಾನೂನೇ ಬಂತು. ಕಾಲೇಜುಗಳು ಇಂಥ ಘಟನೆಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ನಮ್ಮ ಸಾಲು ಆಗಲೇ ಬೈಲಾದಲ್ಲಿತ್ತು.

ನನ್ನ ಪಾಲಿಗೆ ಬಂದದ್ದು ಹಣಕಾಸು. ಆಲ್ಫಾ ರೋ ಕೈಯಲ್ಲಿ ಅಧ್ಯಕ್ಷರನ್ನು ವರ್ದಿ (ಇಂಗ್ಲಿಷಿನಲ್ಲಿ ಯೋಗ್ಯ ಎಂಬ ಅರ್ಥ) ಆರ್ಕಿಟೆಕ್ಟ್ ಎನ್ನುತ್ತಾರೆ, ಖಜಾಂಚಿಯನ್ನು ವರ್ದಿ ಎಸ್ಟಿಮೇಟರ್. ಎಸ್ಟಿಮೇಟರ್ ಎಂಬ ಮಾತು ಕೇಳಿದಾಗಲೇ ನನಗೆ ಆ ಕೆಲಸ ಬೇಕು ಅನಿಸಿತು. ಅಪ್ಪ ಸಣ್ಣ ಕಂಟ್ರಾಕ್ಟರ್. ಮನೆಯಲ್ಲಿ ಹುಟ್ಟಿದಾಗಿನಿಂದ ಕೇಳಿದ ಮಾತು ಎಸ್ಟಿಮೇಟ್. ಪ್ರತಿ ಶನಿವಾರ ಸಂಜೆ ಬಟವಾಡೆ. ಮೇಸ್ತ್ರಿಗಳು, ಆಳುಗಳು ಮನೆ ಮುಂದೆ ಬರುತ್ತಿದ್ದರು. ಅಪ್ಪ ಉದ್ದನೆಯ ಪುಸ್ತಕ ತೆಗೆದು ಎಲ್ಲರ ಎದುರಿಗೇ ಲೆಕ್ಕ ಓದಿ ದುಡ್ಡು ಕೊಡುತ್ತಿದ್ದರು. ಯಾರಿಗೂ ಅನುಮಾನ ಇರುತ್ತಿರಲಿಲ್ಲ.

ನಾನೂ ಹಾಗೇ ಮಾಡಿದೆ. ವಾರಕ್ಕೊಮ್ಮೆ ಸಭೆಯಲ್ಲಿ ವಂತಿಗೆ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಗಟ್ಟಿಯಾಗಿ ಓದುತ್ತಿದ್ದೆ. ಸ್ಪ್ರೆಡ್‌ಶೀಟ್ ಇತ್ತು, ಆದರೂ ಒಂದು ಪುಸ್ತಕ ಇಟ್ಟೆ, ರಸೀದಿಗಳನ್ನು ಅದಕ್ಕೇ ಅಂಟಿಸುತ್ತಿದ್ದೆ. ಬ್ಯಾಂಕ್ ಖಾತೆ ತೆರೆಯುವಾಗ ಒಂದು ತೊಡಕು ಬಂತು. ಸಂಘಕ್ಕೆ ತೆರಿಗೆ ಇಲಾಖೆಯ ಗುರುತಿನ ಸಂಖ್ಯೆ ಬೇಕು, ಆ ಅರ್ಜಿಯಲ್ಲಿ ಜವಾಬ್ದಾರಿ ಹೊರುವವರ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುತ್ತಾರೆ. ವಿದೇಶಿ ವಿದ್ಯಾರ್ಥಿಯಾದ ನನಗೆ ಆಗ ಅದು ಇರಲಿಲ್ಲ. ಅಧ್ಯಕ್ಷ ಸಹಿ ಹಾಕಿದ, ಖಾತೆಗೆ ಎರಡು ಸಹಿ ಕಡ್ಡಾಯ ಮಾಡಿದೆವು. ವಿದೇಶಿ ವಿದ್ಯಾರ್ಥಿಗಳು ಖಜಾಂಚಿ ಆಗುವುದಾದರೆ ಇದನ್ನು ಮೊದಲೇ ವಿಚಾರಿಸಿ.

ವಂತಿಗೆ ಕೊಡಲು ಆಗದವರಿಗೆ ಏನು ಮಾಡುವುದು ಎಂದು ಚರ್ಚೆ ಬಂದಾಗ ನಾನು ಪಟ್ಟು ಹಿಡಿದೆ. ಕಂತಿನಲ್ಲಿ ಕೊಡಲಿ, ಯಾರು ಕಂತಿನಲ್ಲಿ ಕೊಡುತ್ತಿದ್ದಾರೆ ಎಂಬುದು ಎಸ್ಟಿಮೇಟರ್‌ಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗಬಾರದು. ಆ ಹೆಸರುಗಳನ್ನು ಮಾತ್ರ ಪುಸ್ತಕದಲ್ಲಿ ಬರೆಯಲಿಲ್ಲ, ಗಟ್ಟಿಯಾಗಿ ಓದಲೂ ಇಲ್ಲ. ಮಾಡೆಲ್ ಸಾಮಾನು, ಪ್ರಿಂಟ್ ಎಲ್ಲ ಸೇರಿ ಈ ಓದು ಎಷ್ಟು ದುಬಾರಿ ಅಂತ ನಮಗೆಲ್ಲ ಗೊತ್ತು ಅಲ್ವಾ?

ಹೆಸರಿಡುವ ಸಂಜೆ ನನಗೆ ತುಂಬಾ ಪ್ರಿಯವಾದದ್ದು. ಈ ಫ್ರಟರ್ನಿಟಿಯ ಚಾಪ್ಟರ್‌ಗಳಿಗೆ ಹಳೆಯ ಕಾಲದ ವಾಸ್ತುಶಿಲ್ಪಿಗಳ ಹೆಸರು. ಇಲಿನಾಯ್‌ನದ್ದು ಆಂಥೆಮಿಯೊಸ್, ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಕಟ್ಟಿದ ಇಬ್ಬರಲ್ಲಿ ಒಬ್ಬ. ಮಿಷಿಗನ್‌ನದ್ದು ಇಕ್ಟಿನೊಸ್, ಅಥೆನ್ಸ್‌ನ ಪಾರ್ಥೆನಾನ್ ಕಟ್ಟಿದವರಲ್ಲಿ ಒಬ್ಬ. ನಾನು ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಫೋಟೊ ತೋರಿಸಿದೆ. 8ನೇ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಅಲ್ಲಿನ ಕನ್ನಡ ಶಾಸನ ಕಟ್ಟಿದ ಸೂತ್ರಧಾರಿಯನ್ನೂ (ಮುಖ್ಯ ಶಿಲ್ಪಿ) ನೆನೆಯುತ್ತದೆ, ಅನಿವಾರಿತಾಚಾರಿ ಎಂಬ ಬಿರುದಿದ್ದ ಗುಂಡ. ಸೋಮನಾಥಪುರದ ಗೋಡೆಯಲ್ಲಿ ಮೂರ್ತಿಗಳ ಕೆಳಗೆ ಹೊಯ್ಸಳ ಶಿಲ್ಪಿಯ ಹೆಸರು, ಮಲ್ಲಿತಮ್ಮ ಎಂದು ಕೆತ್ತಿರುವುದನ್ನೂ ತೋರಿಸಿದೆ. ನಾನು ಬೆರಳಿಟ್ಟು ಓದಿದ ಅಕ್ಷರಗಳು ಅವು. ಮತದಲ್ಲಿ ಗೆದ್ದದ್ದು ಒಂದು ಗ್ರೀಕ್ ಹೆಸರು. ನನಗೆ ಬೇಸರ ಆಗಲಿಲ್ಲ ಎಂದರೆ ಸುಳ್ಳು. ಆದರೆ ಮಾರನೇ ದಿನ ಸ್ಟುಡಿಯೊಗೆ ಹೋದಾಗ ನಾವು ಟೂಲ್‌ಬಾಕ್ಸ್ ಇಡುತ್ತಿದ್ದ ಕಪಾಟಿನ ಮೇಲೆ ಯಾರೋ ಟೇಪ್ ಅಂಟಿಸಿ ಇಂಗ್ಲಿಷಿನಲ್ಲಿ ಮಲ್ಲಿತಮ್ಮ ಎಂದು ಬರೆದಿದ್ದರು. ಆ ಹೆಸರೇ ನಿಂತಿತು. "ಮಲ್ಲಿತಮ್ಮದಲ್ಲಿ ಬ್ಲೇಡ್ ಇದೆಯಾ ನೋಡು" ಎಂದು ಅಮೆರಿಕದ ಹುಡುಗರು ಹೇಳುವುದನ್ನು ಕೇಳಿದ್ದೇನೆ.

2023ರ ಮೇ ತಿಂಗಳಲ್ಲಿ ನನ್ನ ಓದು ಮುಗಿಯಿತು, ಚಾರ್ಟರ್ ಇನ್ನೂ ಬಂದಿರಲಿಲ್ಲ. ಏಳು ಜನರಲ್ಲಿ ಐದು ಜನ ಒಟ್ಟಿಗೇ ಹೊರಟೆವು. ಆಗ ನಿಜವಾಗಿ ಹೆದರಿದೆ. ಶುರು ಮಾಡಿದವರು ಹೋದ ಮೇಲೆ ಸಂಘ ಸಾಯುವುದನ್ನು ನಾನು ನೋಡಿದ್ದೇನೆ. ಅದಕ್ಕೇ ಕೊನೆಯ ಸೆಮಿಸ್ಟರ್ ಪೂರ್ತಿ ಯಾವ ಹುದ್ದೆಯನ್ನೂ ನಾವು ಒಬ್ಬರೇ ನಡೆಸಲಿಲ್ಲ. ಪ್ರತಿ ಹುದ್ದೆಗೂ ಎರಡನೇ ಅಥವಾ ಮೂರನೇ ವರ್ಷದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೆವು. ಮಾರ್ಚ್ ನಂತರ ಕೆಲಸ ಅವರದ್ದು, ಪಕ್ಕದಲ್ಲಿ ಕೂರುವುದು ನಮ್ಮದು. ನನ್ನ ಪಕ್ಕ ಕೂತವಳು ಆ ರಾತ್ರಿ ಬೆರಳು ಕೊಯ್ದುಕೊಂಡಿದ್ದ ಹುಡುಗಿ.

ಚಾರ್ಟರ್ ಬಂದದ್ದು ಅದೇ ನವೆಂಬರ್‌ನಲ್ಲಿ. ಅಷ್ಟೊತ್ತಿಗೆ ನಾನು ಶಿಕಾಗೊದಲ್ಲಿ ಕೆಲಸಕ್ಕೆ ಸೇರಿದ್ದೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಹೋದೆ. ಮೂವತ್ತೊಂದು ಸದಸ್ಯರಿದ್ದರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮುಖ ನನಗೆ ಗೊತ್ತಿರಲಿಲ್ಲ. ಸಮಾರಂಭ ಮುಗಿದು ಎಲ್ಲರೂ ಫೋಟೊ ತೆಗೆಸಿಕೊಳ್ಳುವಾಗ ಹೊಸ ಎಸ್ಟಿಮೇಟರ್ ನನ್ನ ಕೈ ಹಿಡಿದು ಸ್ಟುಡಿಯೊಗೆ ಕರೆದುಕೊಂಡು ಹೋದಳು. ಲೆಕ್ಕದಲ್ಲಿ ನಾಲ್ಕು ಡಾಲರ್ ಮೂವತ್ತೈದು ಸೆಂಟ್ ಹೊಂದುತ್ತಿಲ್ಲವಂತೆ, ಎರಡು ವಾರದಿಂದ ಹುಡುಕುತ್ತಿದ್ದಾಳೆ. ಪುಸ್ತಕ ಬಿಚ್ಚಿ ಇಬ್ಬರೂ ನೆಲದ ಮೇಲೆ ಕೂತೆವು. ಅರ್ಧ ಗಂಟೆ ಆದ ಮೇಲೆ ಸೆಪ್ಟೆಂಬರ್ ಪುಟದಲ್ಲಿ ಎರಡು ರಸೀದಿ ಒಂದರ ಮೇಲೊಂದು ಅಂಟಿಕೊಂಡಿದ್ದು ಸಿಕ್ಕಿತು. ಕೆಳಗಿನದ್ದು ಒಂದು ಪ್ಯಾಕ್ ಬ್ಲೇಡಿನದ್ದು. ಅವಳು ಉಗುರಿನಿಂದ ಮೆಲ್ಲಗೆ ಬಿಡಿಸಿ, ತಾರೀಖು ನೋಡಿ, ಖರ್ಚಿನ ಕಡೆ ಬರೆದಳು.